ಪಾಡ್‌ಪೆಟ್ಟಿಗೆಯ ವಿಸರ್ಜನೆ

ಆ ಭಾನುವಾರ ತಿರುಮಲೇಶ ಅಪ್ಪನಿಗೆ "ನಾಳೆ ಮಾಡ್ಕೊಡ್ತೀನಿ" ಎಂದಿದ್ದ. ಹಾಗೆಂದದ್ದು ಹದಿನಾಲ್ಕನೆಯ ಸಲವೋ ಹದಿನೈದನೆಯ ಸಲವೋ ಇರಬೇಕು. ಅಪ್ಪ ವಾದಿರಾಜರಾಯರು ಎಂದಿನಂತೆ "ಆಗ್ಲಪ್ಪ" ಎಂದರು. ಸೋಮವಾರ ತಿರುಮಲೇಶನ ಆಫೀಸಿನಲ್ಲಿ ಆಡಿಟ್ ಇತ್ತು. ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ರಾಯರು ವರಾಂಡದ ಬೆತ್ತದ ಕುರ್ಚಿಯಲ್ಲಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ, ತೀರಿಕೊಂಡರು.

ಅವರು ಕೇಳಿದ್ದು ದೊಡ್ಡ ಕೆಲಸವೇನಲ್ಲ. ಅಳತೆ ಮತ್ತು ತೂಕದ ಇಲಾಖೆಯಿಂದ ನಿವೃತ್ತರಾದ ಮೇಲೆ ರಾಯರಿಗೆ ಪಾಡ್‌ಕಾಸ್ಟಿನ ಹುಚ್ಚು ಹಿಡಿದಿತ್ತು. 'ಪಾಡ್‌ಪೆಟ್ಟಿಗೆ' ಎಂಬ ಆ್ಯಪಿನಲ್ಲಿ ಮೂವತ್ತೊಂದು ಪಾಡ್‌ಕಾಸ್ಟುಗಳಿಗೆ ಚಂದಾದಾರರಾಗಿದ್ದರು. ಆ ಆ್ಯಪು ಬಾಗಿಲು ಹಾಕಿಕೊಳ್ಳುವುದಿತ್ತು. ಹೊಸ ಕಂತುಗಳನ್ನು ತರುವುದನ್ನು ಅದು ಆಗಲೇ ನಿಲ್ಲಿಸಿಬಿಟ್ಟು, 'ನಿಮ್ಮ ಪಟ್ಟಿಯನ್ನು ಬೇರೆ ಆ್ಯಪಿಗೆ ಸಾಗಿಸಿಕೊಳ್ಳಿ' ಎಂದು ದಿನವೂ ಸೂಚನೆ ಕಳಿಸುತ್ತಿತ್ತು. ರಾಯರು ಇದ್ದಬದ್ದ ಹಳೆಯ ಕಂತುಗಳನ್ನು ಮುಗಿಸುತ್ತ, ಮಗನನ್ನು ಕೇಳುತ್ತ ಕಾದರು. ಆ್ಯಪು ತಾನು ಮುಚ್ಚುವ ದಿನವನ್ನು ಮುಂದೂಡುತ್ತ ಹೋಯಿತು, ಮಗನೂ ಮುಂದೂಡುತ್ತ ಹೋದ. ರಾಯರು ಮಾತ್ರ ಮುಂದೂಡಲಿಲ್ಲ.

ಇವತ್ತು ಅವರ ಮೊದಲ ವರ್ಷದ ಶ್ರಾದ್ಧ. ಬೆಳಿಗ್ಗೆಯಿಂದ ಎಲ್ಲವೂ ಸರಿಯಾಗಿ ನಡೆದಿತ್ತು. ಬ್ರಾಹ್ಮಣರಿಬ್ಬರು ಊಟ ಮಾಡಿ, ತೃಪ್ತರಾಗಿ ಹೋಗಿಯೂ ಆಗಿತ್ತು. ತ್ಯಾಗರಾಜನಗರದ ಆ ಮನೆಯ ತಾರಸಿಯ ಕಟ್ಟೆಯ ಮೇಲೆ ಬಾಳೆಲೆಯಲ್ಲಿ ಅನ್ನ, ವಡೆ, ಎಳ್ಳುಂಡೆ ಇಟ್ಟು ತಿರುಮಲೇಶ ಒದ್ದೆ ಪಂಚೆಯಲ್ಲಿ ನಿಂತು "ಕಾ ಕಾ" ಎಂದು ಕರೆದ. ಕಾಗೆ ಬಂದು ಮುಟ್ಟಬೇಕು, ಆಮೇಲೆ ಮನೆಯವರ ಊಟ. ಕಾಗೆ ಬರಲಿಲ್ಲ.

ಒಂದೂವರೆಯಾಯಿತು, ಎರಡಾಯಿತು. ಬಿಳೇಕಹಳ್ಳಿಯಿಂದ ಬಂದಿದ್ದ ಚಿಕ್ಕಪ್ಪನಿಗೆ ಸಕ್ಕರೆ ಕಾಯಿಲೆ. ಅವರು ನೀರಿನ ಟ್ಯಾಂಕಿಗೆ ಒರಗಿ, ಎಲೆಯ ಮೇಲಿನ ವಡೆಯನ್ನು ತಾವೇ ಕಾಗೆಯಾಗಿ ಹುಟ್ಟಬಾರದಿತ್ತೇ ಎಂಬಂತೆ ನೋಡುತ್ತಿದ್ದರು. ಪುರೋಹಿತರಾದ ಮಾಧವಾಚಾರ್ಯರಿಗೆ ನಾಲ್ಕು ಗಂಟೆಗೆ ಯಡಿಯೂರಿನಲ್ಲಿ ಇನ್ನೊಂದು ಮನೆಯಿತ್ತು. ಅವರು ಗಡಿಯಾರ ನೋಡಿಕೊಂಡು ಅಂದರು:

"ಏನೋ ಆಸೆ ಉಳಿದಿದೆ ಕಣ್ರೀ ಹೋದವರಿಗೆ. ಅದನ್ನ ನೆರವೇರಿಸ್ತೀವಿ ಅಂತ ಬಾಯ್ಬಿಟ್ಟು ಹೇಳಿ. ಮುಟ್ಟತ್ತೆ."

"ಅಪ್ಪಾ, ಅಮ್ಮನ್ನ ಚೆನ್ನಾಗಿ ನೋಡ್ಕೋತೀನಿ," ಎಂದ ತಿರುಮಲೇಶ, ಆಕಾಶದ ಕಡೆ ಮುಖ ಮಾಡಿ.

ಮೆಟ್ಟಿಲ ಮೇಲಿನ ನೆರಳಲ್ಲಿ ಕೂತಿದ್ದ ತಾಯಿ ಚೂಡಾಮಣಿ "ನನ್ನನ್ನ ನಾನೇ ನೋಡ್ಕೊಳ್ತಿದೀನಪ್ಪ. ಬೇರೆ ಏನಾದ್ರೂ ಹೇಳು," ಎಂದರು.

ಚಿಕ್ಕಪ್ಪ ಹಸಿವಿನಿಂದ ಧೈರ್ಯ ತಂದುಕೊಂಡು ಮುಂದೆ ಬಂದರು. "ವಾದಣ್ಣಾ, ನಿನ್ನ ಹಿತ್ತಾಳೆ ತೂಕದ ಬಟ್ಟುಗಳು ನಮ್ಮನೇಲೇ ಇವೆ. ಮುಂದಿನ ವಾರ ತಂದಿಟ್ಬಿಡ್ತೀನಿ!"

ಹನ್ನೊಂದು ವರ್ಷದ ಹಿಂದೆ ಆ ಬಟ್ಟುಗಳು ಕಳೆದುಹೋದವೆಂದು ಕೆಲಸದ ಶಾಂತಾದೇವಿಯನ್ನು ಬಿಡಿಸಿದ್ದು ಎಲ್ಲರಿಗೂ ನೆನಪಾಯಿತು. ಕಾಗೆ ಮಾತ್ರ ಬರಲಿಲ್ಲ.

ಮುಂದಿನ ಸರದಿ ತಿರುಮಲೇಶನ ತಂಗಿಯ ಗಂಡ ಸುಶ್ರುತನದು. ಬಿಟಿಎಂ ಲೇಔಟಿನಲ್ಲಿ ಕೋಚಿಂಗ್ ಸೆಂಟರ್ ನಡೆಸುವ ಅವನ ಬಳಿ ಎಲ್ಲ ಪ್ರಶ್ನೆಗೂ ಉತ್ತರವಿರುತ್ತಿತ್ತು. "ಮಾವ, ಸಿಗರೇಟ್ ಬಿಟ್ಬಿಡ್ತೀನಿ," ಎಂದ.

"ಸೇದ್ತೀರಾ?" ಎಂದಳು ಅವನ ಹೆಂಡತಿ. ಅವಳು ಕೆಳಗಿಳಿದು ಹೋದವಳು ಮತ್ತೆ ಮೇಲೆ ಬರಲಿಲ್ಲ.

ಪಕ್ಕದ ತಾರಸಿಯಲ್ಲಿ ನೆರೆಮನೆಯ ಲತಾಮಣಿ ಕೂತಿದ್ದರು. ಹಳೆಯ ಪಂಚೆಯ ಮೇಲೆ ಸಂಡಿಗೆ ಒಣಹಾಕಿ, ಮಧ್ಯದಲ್ಲಿ ದೊಡ್ಡದೊಂದು ಕಪ್ಪು ಕೊಡೆ ಬಿಚ್ಚಿ ನಿಲ್ಲಿಸಿ, ಅದರ ನೆರಳಿಗೆ ಕುರ್ಚಿ ಎಳೆದುಕೊಂಡಿದ್ದರು. ಕೊಡೆಯ ಅಂಚಿಗೆ ಕಟ್ಟಿದ್ದ ಕಪ್ಪು ಪ್ಲಾಸ್ಟಿಕ್ ಚೂರುಗಳು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದ್ದವು. ಬೆಳಿಗ್ಗೆಯಿಂದ ಈ ಶ್ರಾದ್ಧವನ್ನು ಅವರು ಒಂದು ನಿಮಿಷವೂ ಬಿಡದೆ ನೋಡಿದ್ದರು.

"ನಮ್ಮ ಮಾವನೋರಿಗೂ ಹೀಗೇ ಆಗಿತ್ತು ರೀ," ಎಂದು ಅಲ್ಲಿಂದಲೇ ಕೂಗಿದರು. "ಬದುಕಿದ್ದಾಗ ಪದೇ ಪದೇ ಏನ್ ಕೇಳ್ತಿದ್ರು ಯೋಚ್ನೆ ಮಾಡಿ. ಮಕ್ಕಳು ಮಾಡ್ಕೊಡದೇ ಇರೋದು ಒಂದಿದ್ದೇ ಇರತ್ತೆ."

ತಿರುಮಲೇಶನಿಗೆ ಅದೇನೆಂದು ಗೊತ್ತಿತ್ತು. ವರ್ಷವಿಡೀ, ಸ್ಕೂಟರ್ ಓಡಿಸುವಾಗ, ಹಲ್ಲುಜ್ಜುವಾಗ, ಅಪ್ಪನ ಆ "ಆಗ್ಲಪ್ಪ" ಅವನಿಗೆ ಕೇಳಿಸುತ್ತಲೇ ಇತ್ತು. ಐದು ನಿಮಿಷದ ಕೆಲಸವನ್ನು ಮಾಡಿಕೊಡಲಿಲ್ಲವೆಂಬ ನೋವನ್ನು ಅವನು ಯಾರ ಬಳಿಯೂ ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳದೆ ತಪ್ಪಿಸಿಕೊಳ್ಳಬಹುದು ಎಂದುಕೊಳ್ಳುವಷ್ಟರಲ್ಲಿ ಹೆಂಡತಿ ತನ್ಮಯಿ ಬಾಯಿ ತೆರೆದಳು.

"ರೀ, ಆ ಆ್ಯಪು! ಮಾವ ಎಷ್ಟ್ ಸಲ ಕೇಳಿದ್ರು ನಿಮ್ಮನ್ನ!"

ತಾರಸಿಯಲ್ಲಿದ್ದವರೆಲ್ಲ ತಿರುಮಲೇಶನತ್ತ ತಿರುಗಿದರು. ತೂಕದ ಬಟ್ಟು ಕದ್ದವರು ಕೂಡ ಬೇಸರದಿಂದ ತಲೆಯಾಡಿಸಿದರು.

"ಅದೇನದು ವಿಷಯ?" ಎಂದರು ಆಚಾರ್ಯರು. ಸುಶ್ರುತ ವಿವರಿಸಿದ. ಆಚಾರ್ಯರು ಎರಡು ಕ್ಷಣ ಕಣ್ಣು ಮುಚ್ಚಿ ತೆರೆದರು. "ಇದೇ. ಸಂಶಯವೇ ಇಲ್ಲ. ತರ್ಸಿ ಫೋನು."

ರಾಯರ ಫೋನು ಅಮ್ಮನ ಕೋಣೆಯಲ್ಲಿತ್ತು. ವರ್ಷದಿಂದ ಯಾರೂ ಮಾತಾಡದ ಆ ಫೋನಿಗೆ ಅಮ್ಮ ದಿನವೂ ಚಾರ್ಜ್ ಹಾಕುತ್ತಿದ್ದರು. ಯಾಕೆಂದು ಕೇಳಿದವರಿಗೆ "ಸುಮ್ನೆ ಹಾಳಾಗತ್ತೆ" ಎನ್ನುತ್ತಿದ್ದರು. ಫೋನು ಮೇಲೆ ಬಂತು. ಲಾಕ್ ಎಂದು ಎಲ್ಲರೂ ಪೇಚಾಡುವಾಗ ಮೆಟ್ಟಿಲಿನಿಂದ ಅಮ್ಮ "ಎರಡು ಏಳು ಒಂದು ನಾಲ್ಕು" ಎಂದರು. ಫೋನು ತೆರೆಯಿತು. ಅದು ಅವರಿಗೆ ಹೇಗೆ ಗೊತ್ತೆಂದು ಆ ಹಸಿವಿನಲ್ಲಿ ಯಾರೂ ಕೇಳಲಿಲ್ಲ.

ತಿರುಮಲೇಶ ಕೈ ಚಾಚಿದ.

"ಮುಟ್ಟಬೇಡಿ!" ಎಂದು ಆಚಾರ್ಯರು ಕೂಗಿದರು. "ಚರ್ಮದ ಕವರು. ನೀವು ಮಡೀಲಿದೀರಿ."

ಕವರು ಕಳಚಿದರು. ಆದರೂ ಫೋನು ಕೇಳಲಿಲ್ಲ. ಒದ್ದೆ ಬೆರಳಿಗೆ, ಅದರಲ್ಲೂ ದರ್ಭೆಯ ಉಂಗುರ ತೊಟ್ಟ ಬೆರಳಿಗೆ, ಆ ಪರದೆ ಬೇರೇನೇನೋ ತೆರೆದು ತೋರಿಸಿತು. ಒಮ್ಮೆ ಕ್ಯಾಮೆರಾ ತೆರೆದು ಚಿಕ್ಕಪ್ಪನ ಹೊಟ್ಟೆಯ ಫೋಟೋ ಹೊಡೆಯಿತು. ಸುಶ್ರುತ ಒತ್ತುವೆನೆಂದ. ಕೆಲಸ ಮಗನದು, ಅಳಿಯ ಮಾಡಿದರೆ ಸಲ್ಲುವುದಿಲ್ಲ ಎಂದರು ಚಿಕ್ಕಪ್ಪ. ಕೊನೆಗೆ ಆಚಾರ್ಯರೇ ದಾರಿ ತೋರಿಸಿದರು. ಉದ್ದನೆಯ ದರ್ಭೆಯ ಒಂದು ತುದಿ ತಿರುಮಲೇಶನ ಕೈಯಲ್ಲಿ, ಇನ್ನೊಂದು ತುದಿ ಸುಶ್ರುತನ ಭುಜದ ಮೇಲೆ. ಹೀಗೆ ಒತ್ತುವವನು ಸುಶ್ರುತ, ಒತ್ತಿದ ಪುಣ್ಯ ತಿರುಮಲೇಶನಿಗೆ ಎಂದಾಯಿತು. ನೆಟ್‌ವರ್ಕ್ ಹುಡುಕುತ್ತ ಸುಶ್ರುತ ತಾರಸಿಯ ಮೂಲೆಮೂಲೆಗೆ ನಡೆದಂತೆ, ತಿರುಮಲೇಶ ದರ್ಭೆ ಜಾರದಂತೆ ಹಿಡಿದುಕೊಂಡು ಹಿಂದೆ ಹಿಂದೆ ನಡೆದ.

"ಭಾವ, ಇಲ್ನೋಡಿ," ಎಂದ ಸುಶ್ರುತ.

ಮುಚ್ಚುವ ದಿನವನ್ನು ಇನ್ನೂ ಮುಂದೂಡುತ್ತಲೇ ಇದ್ದ ಪಾಡ್‌ಪೆಟ್ಟಿಗೆ ತೆರೆದಿತ್ತು. ಗ್ರಹಣಗಳು, ಜರ್ಮನ್ ಕಲಿಕೆ, ಹಳೆಯ ಕ್ರಿಕೆಟ್ ಲೆಕ್ಕ, ಜೀರ್ಣಾಂಗ, ಜೇನು ಸಾಕಣೆ ಹೀಗೆ ಮೂವತ್ತೊಂದು ಚಂದಾ. ಮೇಲೆ 'ಕೇಳದಿರುವವು: 3' ಎಂದಿತ್ತು. ಅದರ ಕೆಳಗೆ ಅರ್ಧ ಕೇಳಿದ ಒಂದು ಕಂತು, 'ಚಳಿಗಾಲದಲ್ಲಿ ಜೇನುಗೂಡಿನೊಳಗೆ'. ಇಪ್ಪತ್ತಮೂರು ನಿಮಿಷ ಓಡಿತ್ತು, ಹದಿನೇಳು ನಿಮಿಷ ಬಾಕಿ. ಅಪ್ಪ ನಿಲ್ಲಿಸಿದ್ದು ಅಲ್ಲಿ. ತಿರುಮಲೇಶನ ಕಣ್ಣು ತುಂಬಿಕೊಂಡಿತು. ದರ್ಭೆ ಹಿಡಿದ ಕೈಯಾದ್ದರಿಂದ ಒರೆಸಿಕೊಳ್ಳಲೂ ಆಗಲಿಲ್ಲ.

ಸುಶ್ರುತ ಪಟ್ಟಿಯನ್ನು ಒಂದು ಫೈಲಾಗಿ ಇಳಿಸಿಕೊಂಡ. 'ಶ್ರೋತೃ' ಎಂಬ ಹೊಸ ಆ್ಯಪನ್ನು ಹಾಕಿ ರಾಯರ ಹೆಸರಲ್ಲೇ ಖಾತೆ ತೆರೆದ. ಅದು ಒಂದೊಂದೇ ಪ್ರಶ್ನೆ ಕೇಳತೊಡಗಿತು.

"ಸದ್ಯದ ವಾಸಸ್ಥಳ ಯಾವ್ದು ಅಂತ ಕೇಳ್ತಿದೆ."

ಎಲ್ಲರೂ ಆಚಾರ್ಯರ ಮುಖ ನೋಡಿದರು. "ಬೆಂಗಳೂರು ದಕ್ಷಿಣ ಅಂತ್ಲೇ ಹಾಕಿ," ಎಂದರು ಅವರು, ಜಾಗರೂಕತೆಯಿಂದ.

"ಮುಂದೆ ಯಾವ ವಿಷಯದಲ್ಲಿ ಆಸಕ್ತಿ ಅಂತಿದೆ."

"ಈಗ ಅವನ ಆಸಕ್ತಿ ಏನೂಂತ ನಮಗೇನ್ ಗೊತ್ತಪ್ಪ," ಎಂದು ಚಿಕ್ಕಪ್ಪ ನಿಟ್ಟುಸಿರಿಟ್ಟರು.

ಅಂತೂ ಫೈಲು ಒಳಗೆ ಹೋಯಿತು. 'ಮೂವತ್ತೊಂದು ಚಂದಾ ಯಶಸ್ವಿಯಾಗಿ ವರ್ಗಾವಣೆಯಾಗಿವೆ' ಎಂದು ಹಸಿರು ಅಕ್ಷರ ಬಂತು. ಎಲ್ಲರೂ ಆಕಾಶ ನೋಡಿದರು. ದೂರದ ಕೇಬಲ್ ತಂತಿಯ ಮೇಲೆ ನಾಲ್ಕು ಕಾಗೆಗಳು ಕೂತು ಇತ್ತಲೇ ನೋಡುತ್ತಿದ್ದವು. ಒಂದೂ ಹತ್ತಿರ ಬರಲಿಲ್ಲ.

"ಹಳೇದು ಹಾಗೇ ಇಟ್ಕೊಂಡಿದೀರಾ?" ಎಂದು ಆಚಾರ್ಯರು ಕೇಳಿದರು.

"ಇದೆ."

"ಮತ್ತೆ! ಅಲ್ಲಿ ವಿಸರ್ಜನೆ ಆಗ್ದೆ ಇಲ್ಲಿ ಆವಾಹನೆ ಹೇಗ್ರೀ ಆಗತ್ತೆ? ಎರಡ್ ಕಡೆ ಪೀಠ ಹಾಕಿದ್ರೆ ಪಾಪ ಅವರೆಲ್ಲಿ ಕೂರ್ಬೇಕು? ಅಳ್ಸಿ ಅದನ್ನ."

"ಅದನ್ಯಾಕೆ ಅಳಿಸ್ತೀರಿ," ಎಂದು ಅಮ್ಮ ಮೆಟ್ಟಿಲಿನಿಂದ ಎದ್ದರು. "ಇರ್ಲಿ ಬಿಡ್ರಪ್ಪ, ಅದರ ಪಾಡಿಗೆ ಅದು."

"ಅತ್ತಿಗೆ, ನೀವು ಸುಮ್ನಿರಿ. ಹಸಿವಿಗೆ ನನ್ ಕೈ ನಡುಗ್ತಿದೆ," ಎಂದರು ಚಿಕ್ಕಪ್ಪ.

"ಆಚಾರ್ರು ಹೇಳೋದು ಕರೆಕ್ಟು ಅತ್ತೆ, ಎರಡಿದ್ರೆ ಸುಮ್ನೆ ಕನ್‌ಫ್ಯೂಷನ್ನು," ಎಂದ ಸುಶ್ರುತ. 'ಖಾತೆಯನ್ನು ಶಾಶ್ವತವಾಗಿ ಅಳಿಸಲೇ?' ಎಂದು ಪಾಡ್‌ಪೆಟ್ಟಿಗೆ ಕೇಳಿತು. ಆಚಾರ್ಯರು ಮಂತ್ರ ಹೇಳಿ ಎರಡು ಅಕ್ಷತೆ ಕಾಳು ಪರದೆಯ ಮೇಲೆ ಹಾಕಿದರು. ತಿರುಮಲೇಶ ದರ್ಭೆ ಒತ್ತಿದ, ಸುಶ್ರುತ 'ಹೌದು' ಒತ್ತಿದ. ಅಮ್ಮ ಮತ್ತೆ ಕೂತರು.

ಆಗಲೂ ಕಾಗೆ ಬರಲಿಲ್ಲ. ಆಚಾರ್ಯರು ಇನ್ನೊಮ್ಮೆ ಗಡಿಯಾರ ನೋಡಿದರು. "ಸಾಗಿಸಿದ್ದು ಸರಿ, ಆದ್ರೆ ಕೇಳೋರು ಯಾರು? ಅವರಿಗೆ ಈಗ ಕಿವಿ ಇಲ್ಲ. ಮಗನ ಕಿವೀನೇ ಅವರ ಕಿವಿ. ನೀವು ಕೇಳ್ತೀನಿ ಅಂತ ಸಂಕಲ್ಪ ಮಾಡ್ಬೇಕು."

ತಿರುಮಲೇಶ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಉಳಿದದ್ದು ಮೂರೇ ಕಂತು. ಅದರಲ್ಲೂ ಒಂದು ಅರ್ಧ. ಎಲ್ಲ ಸೇರಿ ಒಂದೂವರೆ ಗಂಟೆ. ಇಷ್ಟು ಅಗ್ಗವಾಗಿ ಋಣ ತೀರುವುದಾದರೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿಬಿಡೋಣ ಎನಿಸಿತು. ಕೈಯಲ್ಲಿ ನೀರು ಹಿಡಿದು, ಲತಾಮಣಿಗೂ ಕೇಳುವಂತೆ ಸಾರಿದ:

"ಅಪ್ಪಾ, ನೀವು ಕೇಳದೆ ಬಿಟ್ಟಿದ್ದನ್ನೆಲ್ಲ ನಾನು ಕೇಳಿ ಮುಗಿಸ್ತೀನಿ. ಮುಗಿಸೋ ತನಕ ಕಾಫಿ ಮುಟ್ಟಲ್ಲ!"

ತನ್ಮಯಿ ಬೆಚ್ಚಿದಳು. ಅವಳ ಗಂಡ ದಿನಕ್ಕೆ ಐದು ಲೋಟ ಕಾಫಿ ಕುಡಿಯುವವನು. ಇವತ್ತು ಶ್ರಾದ್ಧವೆಂದು ಬೆಳಿಗ್ಗೆಯಿಂದ ಕಾಫಿ ಇಲ್ಲದೆ ತಲೆ ಸಿಡಿಯುತ್ತಿದ್ದುದರಿಂದಲೇ ಆ ಮಾತು ಅವನ ಬಾಯಿಗೆ ಮೊದಲು ಬಂದಿತ್ತು. ನೀರು ನೆಲಕ್ಕೆ ಬಿತ್ತು. ಇನ್ನು ನೋಡುವಂಥದ್ದೇನೂ ಉಳಿದಿಲ್ಲವೆಂದು ಲತಾಮಣಿ ಎದ್ದು, ಸಂಡಿಗೆ ಸುತ್ತಿಕೊಂಡು, ಕೊಡೆ ಮಡಚಿ ಕೆಳಗಿಳಿದರು. ಮರುಕ್ಷಣವೇ ತಂತಿಯ ಮೇಲಿದ್ದ ಕಾಗೆಗಳಲ್ಲೊಂದು ಹಾರಿ ಬಂದು, ನೇರವಾಗಿ ಎಲೆಯ ಮೇಲೆ ಕೂತು, ವಡೆಯನ್ನು ಕಚ್ಚಿಕೊಂಡು ಹೋಯಿತು.

"ನೋಡಿದ್ರಾ!" ಎಂದರು ಆಚಾರ್ಯರು. ಅವರ ಮಾತು ಮುಗಿಯುವ ಮೊದಲೇ ಚಿಕ್ಕಪ್ಪ ಅರ್ಧ ಮೆಟ್ಟಿಲು ಇಳಿದಿದ್ದರು. ತಿರುಮಲೇಶ ತಾರಸಿಯಲ್ಲಿ ಒಬ್ಬನೇ ನಿಂತು ಅತ್ತ. ವರ್ಷದಲ್ಲಿ ಮೊದಲ ಸಲ ಅವನ ಎದೆ ಹಗುರವಾಗಿತ್ತು.

ಅದು ಮುಕ್ಕಾಲು ಗಂಟೆ ಹಗುರವಾಗಿತ್ತು.

ಊಟ ಮುಗಿದು, ಒಳಗಿನಿಂದ ಡಿಕಾಕ್ಷನ್ನಿನ ಪರಿಮಳ ಬರುತ್ತಿದ್ದಾಗ, ಐದಕ್ಕೆಲ್ಲ ಮುಗಿಸಿ ಒಂದು ಲೋಟ ಕುಡಿಯೋಣವೆಂದು ತಿರುಮಲೇಶ ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತು ಶ್ರೋತೃವನ್ನು ತೆರೆದ. 'ಕೇಳದಿರುವವು: 4,812' ಎಂದಿತ್ತು.

"ಸುಶ್ರುತಾ!"

ಸುಶ್ರುತ ಬಂದು ನೋಡಿ ತಲೆ ಕೆರೆದುಕೊಂಡ. "ಓ, ಹೌದು ಭಾವ. ಆ ಫೈಲಲ್ಲಿ ಬರೀ ಪಾಡ್‌ಕಾಸ್ಟ್ ಹೆಸರು ಬರತ್ತೆ. ಯಾವ್ದು ಕೇಳಿದಾರೆ, ಎಲ್ಲಿ ನಿಲ್ಲಿಸಿದಾರೆ, ಅದೆಲ್ಲ ಬರಲ್ಲ. ಇದರ ಪ್ರಕಾರ ಮಾವ ಒಂದೂ ಕೇಳಿಲ್ಲ."

"ಹಳೇದ್ರಲ್ಲಿ ನೋಡೋ!"

"ವಿಸರ್ಜನೆ ಆಯ್ತಲ್ಲ ಭಾವ." ಉತ್ತರವಿಲ್ಲದ ಪ್ರಶ್ನೆ ಸುಶ್ರುತನಿಗೆ ಸೇರದು. ಅವನು ಅಲ್ಲೇ ಲೆಕ್ಕವನ್ನೂ ಮಾಡಿಕೊಟ್ಟ. "ಒಂದಕ್ಕೆ ಅರ್ಧ ಗಂಟೆ ಅಂದ್ರೆ, ದಿನಾ ಎರಡು ಗಂಟೆ ಕೇಳಿದ್ರೆ ಮೂರು ವರ್ಷ ಮೂರು ತಿಂಗಳು ಚಿಲ್ರೆ."

ಮೂರು ವರ್ಷ ಕಾಫಿಯಿಲ್ಲ. ತಿರುಮಲೇಶ ಓಡಿಹೋಗಿ, ಚಪ್ಪಲಿ ಮೆಟ್ಟುತ್ತಿದ್ದ ಆಚಾರ್ಯರ ಎದುರು ನಿಂತ. "ಆಚಾರ್ರೇ, ನಾನಂದಿದ್ದು ಮೂರು! ಅಪ್ಪ ಉಳಿದದ್ದನ್ನೆಲ್ಲ ಕೇಳಿದ್ರು. ಮೆಷೀನು ಮರ್ತಿದೆ ಅಷ್ಟೇ."

ಆಚಾರ್ಯರು ಒಳ್ಳೆಯ ಮನುಷ್ಯರೇ. "ಮೆಷೀನು ಮರೆತ್ರೆ ಏನಂತೆ? ಅವರು ಕೇಳಿದಾರೆ ಅಂತ ಮನೇಲಿ ನೋಡ್ದೋರು ಒಬ್ರು ಹೇಳಿದ್ರೆ ಸಾಕು, ಮೂರೇ ಲೆಕ್ಕ. ನಿಮ್ ತಾಯಿ ದಿನಾ ಜೊತೇಲೇ ಇದ್ರಲ್ಲ. ಏನಮ್ಮ?"

ಎಲ್ಲರೂ ಚೂಡಾಮಣಿಯವರ ಕಡೆ ನೋಡಿದರು. ಅವರು ಸೆರಗಿನಿಂದ ಕೈ ಒರೆಸಿಕೊಂಡರು.

"ಶ್ರಾದ್ಧದ ದಿನ ಸುಳ್ಳು ಹೇಳಕ್ಕಾಗಲ್ಲ," ಎಂದರು. "ಅವರು ಒಂದೂ ಕೇಳಿಲ್ಲ."

"ಅಮ್ಮಾ!"

"ಸೌಂಡು ಸೊನ್ನೆ ಇರ್ತಿತ್ತು ಕಣೋ. ಒಂದಿನ ಅವರು ಸ್ನಾನಕ್ಕೆ ಹೋದಾಗ ಕಿವಿಗಿಟ್ಕೊಂಡ್ ನೋಡ್ದೆ. ಏನೂ ಇಲ್ಲ. ನಾನು ಮಾತಾಡಿದ್ರೆ ಉತ್ತರ ಕೊಡೋದು ಬೇಡ ಅಂತ ಅದನ್ನ ಸಿಕ್ಕಿಸ್ಕೊಂಡು ಗೇಟ್ ನೋಡ್ತಾ ಕೂತಿರ್ತಿದ್ರು. ಓಡ್ತಿದೆಯಾ ಅಂತ ನಾನು ಇಣುಕ್ತೀನಿ ಅಂತ ಗೊತ್ತಿತ್ತಲ್ಲ, ಅದಕ್ಕೆ ಓಡಿಸ್ತಿದ್ರು. ಎಲ್ಲಾ ಮುಗೀತಾ ಬಂತು ಅಂತ ಕೊನೇಲಿ ಭಯ ಅವರಿಗೆ. ಮುಗಿದ್ರೆ ನನ್ ಜೊತೆ ಮಾತಾಡ್ಬೇಕಲ್ಲ. ಅದಕ್ಕೇ ನಿನ್ನ ಆ ಪಾಟಿ ಕಾಡಿದ್ದು."

ಅಮ್ಮನೇ ಮುಂದುವರಿಸಿದರು.

"ಆದ್ರೆ ನಾನ್ ಹೇಳೋದೆಲ್ಲ ಅವರಿಗೆ ಕೇಳಿಸ್ತಿತ್ತು. ನಾನು ಅದಕ್ಕೇ ಹೇಳ್ತಾನೇ ಇರ್ತಿದ್ದೆ. ಅವತ್ತೂ ಅಷ್ಟೇ. ಹುಳಿಗೆ ಸೌತೆಕಾಯಿ ಹಾಕ್ಲಾ ಬದನೆಕಾಯಿ ಹಾಕ್ಲಾ ಅಂತ ಕೇಳ್ದೆ. ಮಾತಿಲ್ಲ. ಬೈದೆ. ಮದುವೆ ಆದಾಗಿನಿಂದ ಆಗಿದ್ದೆಲ್ಲ ತೆಗೆದು ಬೈದೆ. ಆಮೇಲೆ ಕಿವಿಯಿಂದ ಕಿತ್ತೆ. ಆಗ ಗೊತ್ತಾಯ್ತು. ಇಪ್ಪತ್ತಮೂರು ನಿಮಿಷ ಓಡಿತ್ತು, ನಾನೇ ನಿಲ್ಲಿಸ್ದೆ." ಅವರು ಫೋನಿನ ಕಡೆ ನೋಡಿದರು. "ಆ ಇಪ್ಪತ್ತಮೂರರಲ್ಲಿ ಎಷ್ಟು ಕೇಳಿಸ್ಕೊಂಡ್ರೋ, ಎಲ್ಲಿಂದ ಕೇಳಿಸ್ಕೊಳ್ಲಿಲ್ವೋ ಅಂತ ದಿನಾ ಅದನ್ನ ತೆಗೆದು ನೋಡ್ತಿದ್ದೆ. ಇರ್ಲಿ ಬಿಡು. ಅದೂ ಹೋಯ್ತಲ್ಲ."

ಆಚಾರ್ಯರು "ನಾಲ್ಕು ಸಾವಿರದ ಎಂಟುನೂರ ಹನ್ನೆರಡೇ ಆಯ್ತು ಹಾಗಾದ್ರೆ," ಎಂದು ಮೆಲ್ಲಗೆ ಹೇಳಿ ಯಡಿಯೂರಿನ ಕಡೆ ಹೊರಟರು. ತಿರುಮಲೇಶನಿಗೆ ಕಾಫಿಯ ಚಿಂತೆ ಹೋಗಿತ್ತು. ಅಮ್ಮ ಒಂದು ವರ್ಷ ಚಾರ್ಜ್ ಹಾಕಿ ಕಾಪಾಡಿಕೊಂಡದ್ದನ್ನು ತಾನು ದರ್ಭೆ ಹಿಡಿದು ಅಳಿಸಿದೆನಲ್ಲ ಎಂಬುದೊಂದೇ ಉಳಿದಿತ್ತು. ಅಪ್ಪನಿಗೆ ಮಾಡಿಕೊಡದ್ದರ ನೋವು ತೀರಲೆಂದು ಮಾಡಿದ ಕೆಲಸ ಅದು.

ಅಷ್ಟರಲ್ಲಿ ಗೇಟಿನಲ್ಲಿ ಲತಾಮಣಿ ಒಂದು ಡಬ್ಬಿ ಹಿಡಿದು ನಿಂತಿದ್ದರು. "ತಗೊಳ್ಳಿ ತನ್ಮಯಿ, ಸ್ವಲ್ಪ ಸಂಡಿಗೆ. ಈ ಸಲ ಚೂರೂ ಹಾಳಾಗ್ಲಿಲ್ಲ. ಕಪ್ಪು ಕೊಡೆ ಬಿಚ್ಚಿಟ್ಟು ಪ್ಲಾಸ್ಟಿಕ್ ಕಟ್ಟಿದ್ರೆ ಆಯ್ತು ನೋಡಿ, ಈ ಸುತ್ತಮುತ್ತ ಒಂದೇ ಒಂದು ಕಾಗೆ ಬರಲ್ಲ!"

ತನ್ಮಯಿ ಡಬ್ಬಿ ತೆಗೆದುಕೊಂಡಳು. ಬೇರೇನು ಮಾಡಲಾಗುತ್ತದೆ.

ತಿರುಮಲೇಶ ಹೋಗಿ ಬೆತ್ತದ ಕುರ್ಚಿಯಲ್ಲಿ ಕೂತು, ಇಯರ್‌ಫೋನ್ ಸಿಕ್ಕಿಸಿಕೊಂಡು, ಮೊದಲ ಪಾಡ್‌ಕಾಸ್ಟಿನ ಮೊದಲ ಕಂತನ್ನು ಒತ್ತಿದ. ಯಾರೋ ಉತ್ಸಾಹದಿಂದ ನಮಸ್ಕಾರ ಹೇಳಿ, ಗ್ರಹಣಗಳಲ್ಲಿ ಎಷ್ಟು ವಿಧ ಎಂದು ಶುರುಮಾಡಿದರು. ಎರಡು ನಿಮಿಷವಾಗಿರಬೇಕು. ಅಮ್ಮ ಕಾಫಿಯ ಲೋಟ ಹಿಡಿದು ಬಂದು, ಪಕ್ಕದ ಸ್ಟೂಲಿನ ಮೇಲೆ ಕೂತು, ಒಂದು ಗುಟುಕು ಕುಡಿದರು. ಆಮೇಲೆ ಅವನ ಕೈಯಿಂದ ಫೋನು ತೆಗೆದುಕೊಂಡು, ಸೌಂಡನ್ನು ಒತ್ತಿ ಒತ್ತಿ ಸೊನ್ನೆಗೆ ಇಳಿಸಿ, ಮತ್ತೆ ಅವನ ಕೈಗೇ ಇಟ್ಟರು.

"ನೋಡು, ಆ ತೂಕದ ಬಟ್ಟಿನ ವಿಷಯ ನಂಗೆ ಆಗ್ಲೇ ಅನುಮಾನ ಇತ್ತು," ಎಂದು ಶುರುಮಾಡಿದರು. "ನಿಮ್ಮಪ್ಪಂಗೆ ಸಾವಿರ ಸಲ ಹೇಳ್ದೆ..."

ತಿರುಮಲೇಶ ಇಯರ್‌ಫೋನ್ ತೆಗೆಯಲಿಲ್ಲ. ಗೇಟಿನ ಕಡೆ ನೋಡುತ್ತ ಕೂತ. ಫೋನಿನಲ್ಲಿ ಕಂತು ಸದ್ದಿಲ್ಲದೆ ಓಡುತ್ತಿತ್ತು. ಇದನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ, ಮೊದಲಿನಿಂದ ನಾಳೆ ಕೇಳೋಣ ಎಂದುಕೊಂಡ.